ಮೂಸಿ ನೋಡಿದ ಮಣ್ಣು

ಮದುವೆಯಾಗಿ ಬ್ಯಾಡಗಿಯ ಮನೆಗೆ ಕಾಲಿಟ್ಟ ದಿನ ನಾನು ಸೀನಿದ್ದೇ ಸೀನಿದ್ದು. ಹೊಸ್ತಿಲು ದಾಟುವಾಗ ಒಂದು ಸೀನು, ದೇವರ ಮುಂದೆ ಕೈಮುಗಿಯುವಾಗ ಇನ್ನೊಂದು, ಊಟಕ್ಕೆ ಕೂತ ಮೇಲಂತೂ ಸಾಲುಸಾಲು. ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ. ಗಾಳಿ ಬೀಸಿದರೆ ಓಣಿ ತುಂಬ ಘಾಟು. ಆದರೆ ಘಾಟು ಅನ್ನುವವಳು ಆ ಮನೆಯಲ್ಲಿ ನಾನೊಬ್ಬಳೇ. ನನ್ನ ಅತ್ತೆ ಚೌಡವ್ವ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸುತ್ತ ನಕ್ಕರು.

“ರಾಣೇಬೆನ್ನೂರ ಮೂಗು ಭಾಳ ನಾಜೂಕ ಐತಿ ನೋಡವಾ. ನಮಗ ಇಲ್ಲಿ ವಾಸನೀನ ಇಲ್ಲ.”

ಪಕ್ಕದಲ್ಲಿ ಕೂತಿದ್ದ ಇವರು, ಎಂದರೆ ನನ್ನ ಗಂಡ ಹನುಮೇಶ, ಎದೆ ತುಂಬ ಗಾಳಿ ಎಳೆದುಕೊಂಡು ತೋರಿಸಿದರು. ಎಲ್ಲಿ ಐತಿ ವಾಸನಿ, ಏನೂ ಇಲ್ಲ ಎಂದರು. ಚೇಷ್ಟೆಗೆ ಹೇಳಿದ್ದಲ್ಲ. ಅವರಿಗೆ ಖರೇನೇ ಬರುತ್ತಿರಲಿಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದವರು, ಮಾವ ಮೈಲಾರೆಪ್ಪ ಅದೇ ಮಾರುಕಟ್ಟೆಯಲ್ಲಿ ಹಮಾಲರು. ತಾಯಿ ಕೆಲಸಕ್ಕೆ ಹೋದಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಕೌದಿ ಹಾಸಿ ಮಲಗಿಸಿದ ಕೂಸು ಇವರು. ತಾಯಿಯ ಹಾಲಿಗೂ ಆ ಘಾಟಿಗೂ ಒಟ್ಟಿಗೇ ರೂಢಿಯಾದ ಮೂಗು ಅದು. ಆ ದಿನ ಮನೆಯಲ್ಲಿ ಇದೆಲ್ಲ ನಗೆಯ ಮಾತಾಗಿತ್ತು.

ಇವರು ಫುಟ್‌ಬಾಲ್ ಕೋಚ್ ಆಗಿದ್ದರು. ‘ಆಗಿದ್ದರು’ ಎಂದು ಬರೆಯುವುದು ನನಗಿನ್ನೂ ರೂಢಿಯಾಗಿಲ್ಲ.

ಬ್ಯಾಡಗಿಯ ಹುಡುಗನಿಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಿದ್ದರು. ನಮ್ಮ ಕಡೆ ಕಬಡ್ಡಿ, ಖೋ ಖೋ, ಹೆಚ್ಚೆಂದರೆ ವಾಲಿಬಾಲ್. ಇವರಿಗೆ ಅದು ಬಂದದ್ದು ಕುಮಾರಪಟ್ಟಣದಲ್ಲಿ. ಹತ್ತನೇ ಇಯತ್ತೆ ಮುಗಿದ ಮೇಲೆ ಮಾವ ಇವರನ್ನು ಅಲ್ಲಿಯ ಕಾರ್ಖಾನೆಯಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದರು. ಮನೆಯಲ್ಲಿದ್ದರೆ ಇವನೂ ಚೀಲ ಹೊರುತ್ತಾನೆ, ಅಲ್ಲಿದ್ದರೆ ನಾಲ್ಕು ಅಕ್ಷರ ಹೆಚ್ಚು ಕಲಿಯುತ್ತಾನೆ ಎಂಬ ಆಸೆ. ಕಾಲೊನಿಯ ಮೈದಾನದಲ್ಲಿ ಸಂಜೆ ಕೇರಳದವರು, ಗೋವೆಯವರು ಫುಟ್‌ಬಾಲ್ ಆಡುತ್ತಿದ್ದರಂತೆ. ಚೆಂಡು ಜಾರಿ ಹೊಳೆಗೆ ಬಿದ್ದರೆ ತರುವವರಿಲ್ಲ. ದಂಡೆಯ ಮೇಲೆ ಕೂತು ನೋಡುತ್ತಿದ್ದ ಇವರು ಅಂಗಿ ಬಿಚ್ಚಿ ತುಂಗಭದ್ರೆಗೆ ಇಳಿದು ಈಜಿ ತಂದುಕೊಟ್ಟರು. ಮರುದಿನವೂ ತಂದುಕೊಟ್ಟರು. ಹಾಗೆ ಕೆಲ ದಿನ ಹೊಳೆಯಿಂದ ಚೆಂಡು ತರುವ ಕೆಲಸವೇ ಆಯಿತು. ಒಂದು ಸಂಜೆ ಆಟಗಾರನೊಬ್ಬ ಕಡಿಮೆಯಾದ. ಒದ್ದೆ ಚಡ್ಡಿಯಲ್ಲೇ ಒಳಗೆ ಕರೆದರು. ಅಲ್ಲಿಂದ ಶುರು.

ಮುಂದೆ ಧಾರವಾಡದಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಮೊಣಕಾಲು ಕೈಕೊಟ್ಟಿತು. ಆಡುವುದು ಮುಗಿದ ಮೇಲೆ ಆಡಿಸುವುದನ್ನು ಕಲಿತರು. ಮೊದಲ ನೌಕರಿ ಮೋಟೆಬೆನ್ನೂರಿನ ಹೈಸ್ಕೂಲಿನಲ್ಲಿ. ಸ್ವಾತಂತ್ರ್ಯ ಹೋರಾಟದ ನೆನಪು ಇನ್ನೂ ಬಿಸಿಯಾಗಿರುವ ಊರು ಅದು. ಆಗಸ್ಟ್ ತಿಂಗಳು ಬಂತೆಂದರೆ ಮಕ್ಕಳಿಗೆ ಕವಾಯತು ಕಲಿಸುವುದೇ ಪಿ.ಟಿ. ಮಾಸ್ತರರ ದೊಡ್ಡ ಪರೀಕ್ಷೆ. ಒಬ್ಬ ಹುಡುಗನ ಹೆಜ್ಜೆ ತಪ್ಪಿದರೂ ಊರ ಹಿರಿಯರು ಕಟ್ಟೆಯ ಮೇಲಿಂದ ಹೇಳುತ್ತಿದ್ದರಂತೆ. ಇವರು ಹೆಜ್ಜೆ ತಪ್ಪಗೊಡಲಿಲ್ಲ. ಆದರೆ ಕವಾಯತು ಮುಗಿದ ಮೇಲೆ ಅದೇ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸಿದರು. ಆಮೇಲೆ ಬ್ಯಾಡಗಿಯಲ್ಲೇ ಒಂದು ಕಾಲೇಜು. ಅಲ್ಲಿ ಇವರು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯೇ.

ಊರ ಹೊರಗೆ ಒಂದು ಬಯಲಿತ್ತು. ಮಳೆಗಾಲದಲ್ಲಿ ದನ ಮೇಯುತ್ತಿದ್ದವು, ಚಳಿಗಾಲದಿಂದ ಬೇಸಿಗೆಯವರೆಗೆ ವ್ಯಾಪಾರಸ್ಥರು ಮೆಣಸಿನಕಾಯಿ ಒಣ ಹಾಕುತ್ತಿದ್ದರು. ಇವರೂ ಹುಡುಗರೂ ಕೂಡಿ ಅದರ ಕಲ್ಲು ಆರಿಸಿ, ತಗ್ಗು ತುಂಬಿ ಮೈದಾನ ಮಾಡಿದರು. ಸುಗ್ಗಿ ಬಂದಾಗ ಮಾತ್ರ ಬಯಲು ಮತ್ತೆ ಕೆಂಪಾಗುತ್ತಿತ್ತು. ಹುಡುಗರಲ್ಲಿ ಅರ್ಧ ಮಂದಿ ಅಲ್ಲೇ ಕೂಲಿಗೆ ಹೋಗುವವರು. ಒಣಗಲು ಹರಡಿದ ಕಾಯಿಯನ್ನು ತಿರುವಿ ಹಾಕಲು ಕಾಲೆತ್ತದೆ, ಪಾದವನ್ನು ನೆಲಕ್ಕೆ ತಾಗಿಸಿ ಎಳೆಯುತ್ತ ಸಾಲಿನುದ್ದಕ್ಕೂ ನಡೆಯಬೇಕು. ಕಾಲಿಗೆ ಸಿಕ್ಕ ಕಾಯಿ ಮುರಿಯಬಾರದು, ಉರುಳಬೇಕು. ಇವರು ಅದನ್ನೇ ಪಾಠ ಮಾಡಿಕೊಂಡರು. “ಕಾಯಿ ಹೆಂಗ ತಿರುವ್ತೀರಿ, ಚೆಂಡೂ ಹಂಗ ತಿರುವ್ರಿ” ಎನ್ನುತ್ತಿದ್ದರು. ಆ ಹುಡುಗರ ಕಾಲಿಗೆ ಅಂಟಿಕೊಂಡಂತೆ ಚೆಂಡು ಹೋಗುತ್ತಿತ್ತು. ಹೊರಗಿನ ತಂಡದವರು ಬ್ಯಾಡಗಿಯ ಹುಡುಗರ ಕಾಲು ನೆಲ ಬಿಡುವುದೇ ಇಲ್ಲವಲ್ಲ ಎಂದು ಬೆರಗಾಗುತ್ತಿದ್ದರು.

ಆ ಹೆಸರಿನಿಂದಲೇ ರಾಣೇಬೆನ್ನೂರಿನ ಒಂದು ಡಿಗ್ರಿ ಕಾಲೇಜು ಇವರನ್ನು ಕರೆಯಿತು. ತಂಡಕ್ಕೆ ಇವರೇ ಮುಖ್ಯ ಕೋಚ್. ಆದರೆ ಹಂಗಾಮಿ. ಬೇಸಿಗೆ ರಜೆ ಬಂದರೆ ನೌಕರಿಯೂ ರಜೆ. ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಲೇಜು ತೆರೆಯುವವರೆಗೆ ಫೋನಿನ ಕಡೆಗೇ ಕಣ್ಣು. ಮಗಳು ಪದ್ಮಜಾ ಹುಟ್ಟಿದ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರು ಕರೆದು ಹೇಳಿದರಂತೆ, ನಮ್ಮ ತಂಡ ಒಮ್ಮೆ ವಲಯ ದಾಟಿ ಧಾರವಾಡದ ವಿಶ್ವವಿದ್ಯಾಲಯ ಮಟ್ಟದ ಪಂದ್ಯಕ್ಕೆ ಹೋಗಲಿ, ಹುದ್ದೆ ಕಾಯಂ ಮಾಡೋಣ ಎಂದು. ಕಾಲೇಜಿನ ತಂಡ ಅಲ್ಲಿಯವರೆಗೆ ವಲಯದ ಫೈನಲ್ ಗೆದ್ದಿರಲಿಲ್ಲ. ಇವರು ಮನೆಗೆ ಬಂದು ಆ ಮಾತನ್ನು ತೊಟ್ಟಿಲ ಹತ್ತಿರ ಕೂತು ಮಗಳಿಗೆ ಹೇಳಿದರು, ನನಗಲ್ಲ. ನನಗೆ ಹೇಳಿದರೆ ನಾನು ಹುಲ್ಲುಕಡ್ಡಿಯಷ್ಟು ಆಸೆಗೂ ಲೆಕ್ಕ ಹಾಕಲು ಕೂರುವವಳು ಎಂದು ಅವರಿಗೆ ಗೊತ್ತು.

ಆ ವರ್ಷದ ಗೋಲ್‌ಕೀಪರ್ ಸಮೀರ. ಹಾವೇರಿಯ ವಕೀಲ ರಾಘಣ್ಣನವರ ಒಬ್ಬನೇ ಮಗ. ಹಾವೇರಿಯಲ್ಲಿ ಕಾಲೇಜಿಗೇನು ಕೊರತೆಯಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಒಂದು ಶಿಬಿರದಲ್ಲಿ ಇವರ ಕೈಯಲ್ಲಿ ಕಲಿತವನು, ಡಿಗ್ರಿಗೆ ಇವರಿದ್ದಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದು ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ. ಅವನ ತಾಯಿ ಸುಲಭಾ ಒಪ್ಪಿದ್ದು ಒಂದೇ ಕರಾರಿನ ಮೇಲೆ, ಸಂಜೆಯ ಗಾಡಿ ತಪ್ಪಿಸಬಾರದು. ಆಟ ಮುಗಿದ ಮೇಲೆ ಗಾಡಿಯ ಹೊತ್ತಾಗುವ ತನಕ ಅವನು ರಾಣೇಬೆನ್ನೂರಿನ ನಮ್ಮ ಬಾಡಿಗೆ ಮನೆಯಲ್ಲಿ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮೊದಲು ಅಂಜುತ್ತ ಎತ್ತಿಕೊಂಡ ಕೂಸನ್ನು ಆಮೇಲೆ ಎದೆಗೆ ಅವಚಿ ಹಿಡಿಯುವುದನ್ನು ಕಲಿತ.

“ಅಕ್ಕಾ, ಸರ್ ಹೇಳಿದಂಗs ಎರಡೂ ಕೈಲೆ ಹಿಡದೇನಿ. ಆದ್ರ ಈ ಚೆಂಡು ಅಳತದ.”

“ಆ ಚೆಂಡು ಹಸಗೊಂಡೈತಿ, ಕೊಡಿಲ್ಲಿ” ಎಂದು ನಾನು ಇಸಿದುಕೊಳ್ಳುತ್ತಿದ್ದೆ.

ಅಂಥ ಹುಡುಗ. ಅವನ ಬಗ್ಗೆ ಬರೆಯುವಾಗ ನನಗೆ ಮೊದಲು ನೆನಪಾಗುವುದು ಆ ಎರಡು ಕಣ್ಣುಗಳೇ. ಕೂಸು ನಕ್ಕರೆ ಕೂಸಿಗಿಂತ ಮೊದಲು ಅವನ ಕಣ್ಣು ನಗುತ್ತಿದ್ದವು.

ವಲಯದ ಫೈನಲ್ ಬ್ಯಾಡಗಿಯಲ್ಲಿ, ಇವರೇ ಕಲ್ಲು ಆರಿಸಿದ ಆ ಬಯಲಿನಲ್ಲಿ ಎಂದು ಗೊತ್ತಾದಾಗ ಇವರ ಮುಖ ನೋಡಬೇಕಿತ್ತು. ನಾನೂ ಹೋಗುವವಳಿದ್ದೆ. ಹಿಂದಿನ ದಿನ ಮಗಳಿಗೆ ಚುಚ್ಚುಮದ್ದು ಹಾಕಿಸಿ ಮೈ ಕಾದಿತ್ತು, ಉಳಿದುಬಿಟ್ಟೆ. ಹೋಗಿದ್ದರೆ ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಿದ್ದೆ. ಇದೊಂದನ್ನು ಎಷ್ಟು ಸಲ ಅಂದುಕೊಂಡಿದ್ದೇನೋ.

ಅಲ್ಲಿ ನಡೆದದ್ದನ್ನು ಇವರೂ ಸಮೀರನೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಇಬ್ಬರ ಮಾತೂ ಒಂದೇ.

ಬಯಲಿನಲ್ಲಿ ಕೆಲವೇ ದಿನಗಳ ಹಿಂದಿನವರೆಗೆ ಕಾಯಿ ಒಣ ಹಾಕಿದ್ದರು. ಪಂದ್ಯಕ್ಕಾಗಿ ಕಾಯಿ ಎತ್ತಿ, ಗುಡಿಸಿ, ಬೆಳಿಗ್ಗೆ ಟ್ಯಾಂಕರಿನಿಂದ ನೀರು ಹೊಡೆಸಿದ್ದರು. ಮಧ್ಯಾಹ್ನದ ಬಿಸಿಲಿಗೆ ಆ ನೀರು ಆರಿ ಮೇಲಿನ ಮಣ್ಣು ಮತ್ತೆ ಹುಡಿಯಾಯಿತು. ಎದುರಿನ ತಂಡ ಹೊರ ಜಿಲ್ಲೆಯದು. ಓಡಾಡಿ ಮೈ ಬಿಸಿ ಮಾಡಿಕೊಳ್ಳುವಾಗಲೇ ಆ ಹುಡುಗರು ಮೂಗು ಉಜ್ಜಿಕೊಂಡು ರೆಫರಿಯ ಹತ್ತಿರ ಹೋದರು. ಮಣ್ಣಿನಲ್ಲಿ ಖಾರವಿದೆ, ಇಲ್ಲಿ ಆಡುವುದು ಹೇಗೆ ಎಂದು ಕೇಳಿದರು. ರೆಫರಿ ಸುತ್ತ ನೋಡಿ ಇವರನ್ನು ಕರೆದರು.

“ಹನುಮೇಶ ಅವರ, ನೀವs ಈ ಊರವರು. ಈ ಮೈದಾನ ಮಾಡಿದವರೂ ನೀವs. ನೀವು ಹೇಳ್ರಿ, ಆಡಿಸಬಹುದೇನು?”

ಇವರು ಬಾಗಿ ಗೋಲಿನ ಮುಂದಿನ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಅಂಗೈಯಲ್ಲಿ ಉಜ್ಜಿದರು. ಮೂಗಿಗೆ ಹಿಡಿದು ಮೂಸಿದರು.

“ಏನೂ ಇಲ್ರಿ. ಆಡಸ್ರಿ.”

ಎದುರಿನವರು ಸೋಲಿನ ಭಯಕ್ಕೆ ನೆವ ಹೇಳುತ್ತಿದ್ದಾರೆ ಎಂದು ನಮ್ಮ ಹುಡುಗರು ನಕ್ಕರಂತೆ. ಸಮೀರನೂ ನಕ್ಕನಂತೆ. ಮೂಗು ಚುರುಗುಟ್ಟಿದರೂ ಸರ್ ಮೂಸಿ ನೋಡಿದ ಮೇಲೆ ಅವನಿಗೆ ಇನ್ನೇನು ಅನುಮಾನ.

ಮೊದಲ ಅರ್ಧದಲ್ಲಿ ಎಡಕ್ಕೆ ಬಂದ ಒಂದು ಚೆಂಡಿಗೆ ಸಮೀರ ಹಾರಿದ. ಚೆಂಡು ಹಿಡಿದ, ಆದರೆ ಮುಖ ನೆಲಕ್ಕೆ ಉಜ್ಜಿತು. ಎದ್ದವನು ಮಣ್ಣಾದ ಕೈಗವಸಿನಲ್ಲೇ ಕಣ್ಣು ಉಜ್ಜಿಕೊಂಡ. ಉಜ್ಜಿದಷ್ಟೂ ಉರಿ. ಹಾಗೂ ಹೀಗೂ ವಿರಾಮದವರೆಗೆ ನಿಂತ.

ವಿರಾಮದಲ್ಲಿ ಇವರು ಮಾಡಿದ್ದು ಬ್ಯಾಡಗಿಯ ಯಾವ ಮನೆಯಲ್ಲಾದರೂ ಮಾಡುವಂಥದ್ದು. ಆಟ ನೋಡಲು ಅತ್ತೆ ಚೌಡವ್ವನೂ ಬಂದಿದ್ದರು. ತೊಟ್ಟು ಬಿಡಿಸುವ ಹೆಂಗಸರ ಬುತ್ತಿಗಂಟಿನಲ್ಲಿ ಔಡಲೆಣ್ಣೆಯ ಸಣ್ಣ ಬಾಟಲಿ ಇರುವುದು ರೂಢಿ. ಕಣ್ಣಿಗೆ ಖಾರ ಹಾರಿದರೆ ಒಂದು ಹನಿ ಬಿಟ್ಟು, ಮುಚ್ಚಿ, ಸೆರಗಿನಿಂದ ಒತ್ತುತ್ತಾರೆ. ಇವರ ಕಣ್ಣಿಗೆ ಚಿಕ್ಕಂದಿನಲ್ಲಿ ಎಷ್ಟು ಹನಿ ಬಿಟ್ಟಿದ್ದರೋ. ಅತ್ತೆ ಸಮೀರನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೆಯೇ ಮಾಡಿದರು. ಉರಿ ತುಸು ತಣ್ಣಗಾಯಿತು ಎಂದ ಹುಡುಗ. ಬೆಂಚಿನ ಮೇಲೆ ಇನ್ನೊಬ್ಬ ಗೋಲ್‌ಕೀಪರ್ ಇದ್ದ. ಹೊಸಬ, ಕೈ ನಡುಗುವವನು.

“ಕಣ್ಣು ಕಾಣತೈತೇನಪಾ?” ಎಂದು ಇವರು ಕೇಳಿದರು.

“ಕಾಣಸ್ತದ ಸರ್. ಆಡ್ತೇನಿ.”

ಇವರು ಅವನ ಮುಖವನ್ನು ನೋಡಿದರು. ಆಗ ಮುಖದಲ್ಲಿ ಏನು ಕಂಡಿತು ಎಂದು ನಾನು ಒಮ್ಮೆ ಕೇಳಿದ್ದೆ. ಮುಖ ಕಾಣಲಿಲ್ಲ, ಧಾರವಾಡ ಕಂಡಿತು ಎಂದರು.

ಒಂದೇ ಗೋಲಿನಿಂದ ಗೆದ್ದರು. ಹುಡುಗರು ಇವರನ್ನು ಹೆಗಲ ಮೇಲೆ ಹೊತ್ತರು. ಸಮೀರ ಒಂದು ಕಣ್ಣಿಗೆ ಕರವಸ್ತ್ರ ಹಿಡಿದುಕೊಂಡೇ ಕುಣಿದನಂತೆ. ಮರುದಿನ ಕಣ್ಣು ಬಾತಿತು. ಖಾರ ಇಳಿಯುತ್ತದೆ ಎಂದುಕೊಂಡರು. ಔಷಧ ಅಂಗಡಿಯವರು ಕೊಟ್ಟ ಹನಿ ಹಾಕಿಕೊಂಡ. ಬೆಳಕು ನೋಡಲಾಗದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಮೇಲೆ ರಾಘಣ್ಣನವರು ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿಯ ಕಣ್ಣಿನ ಡಾಕ್ಟರರು ಬರೀ ಖಾರವಾಗಿದ್ದರೆ ತೊಳೆದು ಹೋಗುತ್ತಿತ್ತು ಎಂದರು. ಮಣ್ಣಿನ ಕಣ ಕಣ್ಣಿನ ಕರಿಗುಡ್ಡೆಯನ್ನು ಗೀರಿತ್ತು. ಉಜ್ಜಿದ್ದರಿಂದ ಗೀರು ಆಳವಾಯಿತು. ಆಗಲೇ ಧಾರಾಳ ನೀರು ಹಾಕಿ ತೊಳೆದು ದವಾಖಾನೆಗೆ ತರಬೇಕಿತ್ತು, ಎಣ್ಣೆ ಹಾಕಬಾರದಿತ್ತು, ಮತ್ತೆ ಮಣ್ಣಿಗೆ ಇಳಿಸಬಾರದಿತ್ತು. ಹುಣ್ಣು ಮಾಯ್ದು ಕಲೆ ನಿಂತಿತು. ಎಡಗಣ್ಣಿಗೆ ಈಗ ಬೆಳಕು ಗೊತ್ತಾಗುತ್ತದೆ, ಎದುರಿಗಿದ್ದವರು ಗೊತ್ತಾಗುವುದಿಲ್ಲ.

ಧಾರವಾಡದ ಪಂದ್ಯಕ್ಕೆ ತಂಡ ಹೋಯಿತು. ಇವರು ಹೋಗಲಿಲ್ಲ. ಹಾವೇರಿಗೆ ಹೋದರು, ನನ್ನನ್ನೂ ಬಾ ಎಂದರು. ಒಬ್ಬರೇ ಹೋಗುವ ಧೈರ್ಯ ಇರಲಿಲ್ಲವೆಂದು ಕಾಣುತ್ತದೆ.

ರಾಘಣ್ಣನವರ ಮನೆಯಲ್ಲಿ ಯಾರೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಇವರಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ರಾಘಣ್ಣನವರು ನಮ್ಮನ್ನು ಕೂರಿಸಿ, ಕೋರ್ಟಿನ ಕೆಲಸವಿದೆಯೆಂದು ಚಪ್ಪಲಿ ಮೆಟ್ಟಿ ಹೊರಟರು. ಅಂದು ಭಾನುವಾರ. ಸಮೀರ ಒಳಗೆ ಮಲಗಿದ್ದ. ಸುಲಭಾ ಅವರು ಚಹಾ ತಂದಿಟ್ಟು, ನನ್ನ ಮಗಳಿಗೆ ಬಿಸ್ಕೀಟು ಕೊಟ್ಟು, ನಮ್ಮೆದುರು ನೆಲದ ಮೇಲೆ ಕೂತರು. ಬಹಳ ಹೊತ್ತು ಸೀರೆಯ ನಿರಿಗೆ ಸರಿಮಾಡುತ್ತಲೇ ಇದ್ದರು. ಆಮೇಲೆ ಕೇಳಿದರು.

“ನೀವು ಮಣ್ಣು ಮೂಸಿ ನೋಡಿದ್ರಂತ ಸಮೀರ ಹೇಳ್ಯಾನ. ನಿಮಗ ಖರೇನ ವಾಸನಿ ಬರಲಿಲ್ಲೇನ್ರಿ?”

“ಇಲ್ರಿ ಅಕ್ಕಾರ.”

“ಖರೇ?”

“ನನ್ನ ಮಗಳ ಮ್ಯಾಲೆ ಆಣಿ.”

ನಾನು ತಕ್ಷಣ ಮಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಸುಲಭಾ ಅವರು ಅದನ್ನು ನೋಡಿದರು.

“ಆಣಿ ಗೀಣಿ ಬ್ಯಾಡ್ರಿ” ಎಂದರು. “ನಾ ನಂಬತೇನಿ. ನಿಮಗ ಬರಲಿಲ್ಲ. ಆದ್ರ ಅವನ ಕಣ್ಣು ಕೆಂಪಾಗಿದ್ದು ಕಂಡಿತ್ತಲ್ರಿ. ಅದು ಮೂಗಿನ ಮಾತಲ್ಲಲ್ಲ.”

ಸುಲಭಾ ಅವರು ಉತ್ತರಕ್ಕೆ ಕಾಯಲಿಲ್ಲ. ಚಹಾ ಆರಿತು, ಬಿಸಿ ಮಾಡಿ ತರುತ್ತೇನೆಂದು ಎದ್ದು ಒಳಗೆ ಹೋದರು. ಅವರು ಬರುವುದಕ್ಕೆ ಮೊದಲೇ ಇವರು ಎದ್ದು ಹೊರಗೆ ನಿಂತಿದ್ದರು. ನಾನೇ ಒಳಗೆ ಹೋಗಿ ಬರುತ್ತೇವೆ ಎಂದು ಹೇಳಿ ಬಂದೆ. ಒಲೆಯ ಮುಂದೆ ಅವರ ಬೆನ್ನು ನನ್ನ ಕಡೆಗಿತ್ತು. ತಿರುಗದೆಯೇ ಹೂಂ ಎಂದರು.

ಅದಾದ ಮೇಲೆ ಕಾಲೇಜಿನಿಂದ ಕರೆ ಬಂತು. ವಲಯ ದಾಟಿದ್ದಾಗಿತ್ತು. ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ, ಹುದ್ದೆ ಕಾಯಂ ಮಾಡಿದ್ದರು. ಸಮೀರನದು ಆಟದಲ್ಲಿ ಆದ ಅಪಘಾತ, ಯಾರ ತಪ್ಪೂ ಅಲ್ಲ ಎಂದು ತಾವೇ ಸಮಾಧಾನದ ಮಾತನ್ನೂ ಹೇಳಿದರು. ಇವರು ಆದೇಶ ತರಲು ಹೋಗಲಿಲ್ಲ. ನಾನು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಕೇಳಿಯೇ ಬಿಟ್ಟೆ. ಇಷ್ಟು ವರ್ಷ ಕಾದ ನೌಕರಿ. ಬಿಟ್ಟರೆ ಆ ಹುಡುಗನ ಕಣ್ಣು ತಿರುಗಿ ಬರುತ್ತದೆಯೇ. ಮನೆಯಲ್ಲಿ ಕೂಸಿದೆ, ಬಾಡಿಗೆ ಇದೆ, ಊರಲ್ಲಿ ಅತ್ತೆ ಮಾವ ಇದ್ದಾರೆ. ಇನ್ನೂ ಏನೇನೋ ಅಂದೆ. ಅಂದದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ, ಯಾರಾದರೊಬ್ಬರು ಅದನ್ನು ಅನ್ನಲೇಬೇಕಿತ್ತು.

ಇವರು ಮಗಳ ಅಂಗಿಯ ಗುಂಡಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ಗೆದ್ದಿದ್ದಕ್ಕ ಕೊಡಾಕತ್ತಾರ ಪುಷ್ಪಾ. ಆ ಅರ್ಧ ಆಟ ಅವನ್ನ ಹೊರಗ ಕುಂದರಿಸಿದ್ರ ಸೋಲತಿದ್ದಿವಿ. ಸೋತಿದ್ರ ಈ ಕಾಗದ ಬರತಿರಲಿಲ್ಲ. ಅದನ್ನ ಹೆಂಗ ಕೈಯಾಗ ಹಿಡೀಲಿ ನಾನು?”

“ಹುಡುಗೂರು ಏನ ಮಾಡಬೇಕು? ನಿಮ್ಮನ್ನ ನಂಬಿ ಬಂದವರು?”

“ನಂಬಿ ಬಂದವರಿಗೇ ಹೇಳಾಕತ್ತೇನಿ, ನಂಬಬ್ಯಾಡ್ರಿ ಅಂತ.”

ಅಲ್ಲಿಗೆ ಮುಗಿಯಿತು. ಕಾಲೇಜಿನವರು ಹೊಸ ಕೋಚ್ ತಂದರು. ಒಳ್ಳೆಯವರೇ, ಇವರ ಹುಡುಗರನ್ನೇ ಆಡಿಸುತ್ತಾರೆ. ಇವರು ಈಗ ರಾಣೇಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ ಮೇಲ್ವಿಚಾರಕರು. ಬದನೆ, ಬೆಂಡೆ, ಟೊಮೇಟೊ ಬೀಜ ಪೊಟ್ಟಣ ಕಟ್ಟಿಸುವ ಕೆಲಸ. ಹೊತ್ತಿಗೆ ಸರಿಯಾಗಿ ಹೋಗುತ್ತಾರೆ, ಹೊತ್ತಿಗೆ ಸರಿಯಾಗಿ ಬರುತ್ತಾರೆ. ಮನೆ ನಡೆದಿದೆ. ಕಾಲೇಜಿನ ಮೈದಾನದ ಪಕ್ಕದ ರಸ್ತೆ ಹತ್ತಿರದ್ದು, ಆದರೂ ಸುತ್ತು ಹಾಕಿ ಹೋಗುತ್ತಾರೆ.

ಬ್ಯಾಡಗಿಗೆ ಹೋಗಿ ಬಂದ ದಿನ ಬಾಗಿಲಲ್ಲೇ ಅಂಗಿ ಬಿಚ್ಚಿ, ಸಾಬೂನಿನಿಂದ ಮೊಣಕೈವರೆಗೆ ತೊಳೆದು, ಕೈಯನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. ವಾಸನೆ ಇದೆಯೇ ನೋಡು ಎನ್ನುತ್ತಾರೆ. ನಾನು ಇಲ್ಲ ಎಂದ ಮೇಲೆಯೇ ಮಗಳನ್ನು ಎತ್ತಿಕೊಳ್ಳುವುದು. ಒಮ್ಮೊಮ್ಮೆ ಇಲ್ಲ ಎಂದರೂ ನಂಬದೆ ಇನ್ನೊಮ್ಮೆ ತೊಳೆಯುತ್ತಾರೆ. ಮೊದಲ ದಿನ ನನ್ನ ಸೀನಿಗೆ ನಕ್ಕಿದ್ದ ಮನೆ ಅದು. ಈಗ ಅಲ್ಲಿ ನಾನು ಸೀನಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ನೋಡುತ್ತಾರೆ.

ಅತ್ತೆಯ ಸಂಕಟ ಬೇರೆಯೇ. ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಮಗಳ ಕಣ್ಣಿನಲ್ಲಿ ಪಿಸರು ಕಟ್ಟಿತ್ತು. ಅತ್ತೆಯ ಕೈ ಅಭ್ಯಾಸದಿಂದ ಸೊಂಟದ ಸಂಚಿಗೆ ಹೋಯಿತು. ಸಂಚಿಯ ಬಾಯಿ ಬಿಚ್ಚಿದರು, ಮತ್ತೆ ಕಟ್ಟಿದರು. ನನ್ನ ಕಡೆ ನೋಡದೆ ಹೇಳಿದರು.

“ದವಾಖಾನಿಗೆ ಕರಕೊಂಡು ಹೋಗವಾ. ನನ್ನ ಕಡೆ ಏನೂ ಇಲ್ಲ.”

ಆ ಎಣ್ಣೆಯ ಬಾಟಲಿ ಸಂಚಿಯಲ್ಲಿ ಇನ್ನೂ ಇದ್ದದ್ದು ನನಗೆ ಕಂಡಿತ್ತು. ಎಸೆಯಲೂ ಆಗಿಲ್ಲ, ತೆಗೆಯಲೂ ಆಗಿಲ್ಲ. ನಾನು ಅವರ ಕೈಗೆ ಕೂಸನ್ನು ಕೊಟ್ಟು, ನೀವೂ ಬರ್ರಿ ಅತ್ತಿ, ಕೂಡೇ ಹೋಗೋಣ ಎಂದೆ. ದವಾಖಾನೆಯಲ್ಲಿ ಡಾಕ್ಟರರು ಕೂಸಿನ ಕಣ್ಣಿಗೆ ಹನಿ ಬಿಡುವಾಗ ಅವರು ಮುಖ ತಿರುಗಿಸಿದರು.

ಹೋದ ಭಾನುವಾರ ಬೆಳಿಗ್ಗೆ ಸಮೀರ ಬಂದ. ಹೇಳದೆ ಕೇಳದೆ, ಹೆಗಲಿಗೆ ಚೀಲ ಹಾಕಿಕೊಂಡು, ಕೈಗವಸು ಹಿಡಿದುಕೊಂಡು. ಮಗಳು ಈಗ ನಡೆಯುತ್ತಾಳೆ. ಅವನನ್ನು ಗುರುತು ಹಿಡಿಯಲಿಲ್ಲ. ಅವನು ಎತ್ತಿಕೊಳ್ಳಲು ಕೈ ಚಾಚಿದಾಗ ಎಡಗೈ ಕದದ ಅಂಚಿಗೆ ಬಡಿಯಿತು. ನಾನು ನೋಡದವಳಂತೆ ಚಹಾ ಸೋಸಿದೆ.

ಅವನು ಕೇಳಿದ್ದು ಇಷ್ಟೇ. ಹೊಸ ಕೋಚ್ ಅವನನ್ನು ಗೋಲಿಗೆ ನಿಲ್ಲಿಸಲು ಒಪ್ಪುತ್ತಿಲ್ಲ, ಅದು ಸರಿಯೇ. ಆದರೆ ತಾನು ನಿಲ್ಲಬಲ್ಲೆನೋ ಇಲ್ಲವೋ ಎಂಬುದನ್ನು ಸರ್ ಒಬ್ಬರೇ ಹೇಳಬೇಕು. ಅವರು ಆಗುವುದಿಲ್ಲ ಎಂದರೆ ಬಿಟ್ಟುಬಿಡುತ್ತಾನೆ. ಮನೆಯಲ್ಲಿ ತಾಯಿಗೆ ಹೇಳಿ ಬಂದಿದ್ದಾನೆ.

“ಅವ್ವಾರು ಏನಂದ್ರು?” ಎಂದು ನಾನು ಕೇಳಿದೆ.

“ಹೋಗಿ ಬಾ ಅಂದ್ಲಕ್ಕಾ. ಗಾಡಿ ತಪ್ಪಿಸಬ್ಯಾಡ ಅಂದ್ಲು.”

ಇವರು ಎದ್ದು, ಅಟ್ಟದ ಮೇಲಿನ ಚೆಂಡು ತೆಗೆದು ಧೂಳು ಒರೆಸಿದರು. ನನ್ನ ಕಡೆ ತಿರುಗಿ ನೀನೂ ಬಾ ಎಂದರು. ಯಾಕೆ ಎಂದು ನನಗೆ ಗೊತ್ತಾಯಿತು. ನೀರಿನ ಬಾಟಲಿ ತುಂಬಿಕೊಂಡು ಮಗಳ ಕೈ ಹಿಡಿದು ಹೊರಟೆ.

ಕಾಲೇಜಿನ ಈ ಮೈದಾನದಲ್ಲಿ ಮೆಣಸಿನಕಾಯಿ ಎಂದೂ ಒಣ ಹಾಕಿಲ್ಲ. ಅದು ಇವರಿಗೂ ಗೊತ್ತು. ಆದರೂ ಗೋಲಿನ ಮುಂದೆ ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಮೂಸಲು ಹೋಗದೆ, ನೇರವಾಗಿ ನನ್ನ ಹತ್ತಿರ ತಂದರು.

“ನೀ ನೋಡು.”

ನಾನು ಮೂಸಿದೆ. ಇಬ್ಬನಿಯ, ಒಣಹುಲ್ಲಿನ, ಆಡಿನ ಹಿಕ್ಕೆಯ ವಾಸನೆ. ಏನೂ ಇಲ್ಲ ಎಂದೆ. ಸರಿಯಾಗಿ ನೋಡು ಎಂದರು. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದೆ. ಇಲ್ಲ ಎಂದೆ. ಗೋಲಿನ ಇನ್ನೊಂದು ತುದಿಯ ಮಣ್ಣನ್ನೂ ತಂದರು. ಸಮೀರ ಕೈಗವಸು ಹಾಕಿಕೊಂಡು ಇದನ್ನೆಲ್ಲ ಸುಮ್ಮನೆ ನೋಡುತ್ತಾ ನಿಂತಿದ್ದ.

ಆಮೇಲೆ ಇವರು ಒದೆಯತೊಡಗಿದರು. ಮೆಲ್ಲಗೆ, ಬಲಕ್ಕೆ. ಹಿಡಿದ. ಇನ್ನೊಂದು ಬಲಕ್ಕೆ, ಹಿಡಿದ. ಹಾಗೆ ಎಷ್ಟೋ ಚೆಂಡು, ಎಲ್ಲವೂ ಬಲಕ್ಕೇ. ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಸಮೀರ ಚೆಂಡನ್ನು ಹಿಂದಕ್ಕೆ ಕೊಡದೆ ಎದೆಗೆ ಅವಚಿ ನಿಂತುಬಿಟ್ಟ.

“ಎಡಕ್ಕ ಹೊಡೀರಿ ಸರ್.”

ಇವರು ಚೆಂಡು ಕೊಡು ಎಂದು ಕೈ ಚಾಚಿದರು.

“ಬಲಕ್ಕ ಹಿಡೀಲಿಕ್ಕೆ ನಿಮ್ಮನ್ನ ಯಾಕ ಕೇಳಲಿಕ್ಕ ಬರ್ತಿದ್ದೆ. ಎಡಕ್ಕ ಹೊಡೀರಿ.”

ಚೆಂಡನ್ನು ಉರುಳಿಸಿಬಿಟ್ಟ. ಇವರು ಅದನ್ನು ಪಾದದ ಕೆಳಗೆ ಹಿಡಿದು ನಿಂತರು, ಮೆಣಸಿನಕಾಯಿ ತಿರುವುವವರ ಹಾಗೆ ಅತ್ತಿತ್ತ ಸರಿಸಿದರು. ಆಮೇಲೆ ಒದ್ದರು. ಜೋರಾಗೇನಲ್ಲ. ಹಿಂದೆ ಆಗಿದ್ದರೆ ಸಮೀರ ನಿಂತಲ್ಲೇ ಕೈ ಚಾಚಿ ಹಿಡಿಯುವಂಥದ್ದು. ಅವನು ಹಾರಿದ. ಹಾರುವ ಹೊತ್ತಿಗೆ ಚೆಂಡು ದಾಟಿ ಹೋಗಿತ್ತು. ಎಡಗೈ ಚಾಚಿಕೊಂಡು ಬೋರಲು ಬಿದ್ದವನು ಏಳಲಿಲ್ಲ. ಹೆಗಲು ಅಲುಗುತ್ತಿದ್ದವು.

ಮೊಣಕಾಲು ಹೋಗಿದ್ದ ಇವರು ಓಡಿದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ. ಓಡಿ ಬಂದು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು ಹೋದರು. ಮೊದಲು ತಮ್ಮ ಕೈ ತೊಳೆದುಕೊಂಡರು. ಹುಡುಗನನ್ನು ಎಬ್ಬಿಸಿ ಕೂರಿಸಿ, ಗಲ್ಲ ಹಿಡಿದು ಮುಖ ಮೇಲೆತ್ತಿದರು.

“ಕಣ್ಣು ತಗಿ.”

“ಏನೂ ಬಿದ್ದಿಲ್ಲ ಸರ್.”

“ಇರಲಿ. ತಗಿ.”

ಎಡಗಣ್ಣಿಗೆ ನೀರು ಸುರಿದರು. ಸಣ್ಣ ಧಾರೆಯಾಗಿ, ನಿಲ್ಲಿಸದೆ, ಇನ್ನೊಂದು ಕೈಯಲ್ಲಿ ರೆಪ್ಪೆ ಹಿಡಿದು. ಸಮೀರ ಬೇಡವೆನ್ನಲಿಲ್ಲ. ನೀರು ಅವನ ಕೆನ್ನೆಯಿಂದ ಇಳಿದು ಅಂಗಿ ತೊಯ್ಯುತ್ತಿತ್ತು. ಆಗುವುದಿಲ್ಲ ಎಂಬುದನ್ನು ಇವರು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ಅವನೂ ಕೇಳಲಿಲ್ಲ. ಬಾಟಲಿ ಖಾಲಿಯಾದ ಮೇಲೂ ಇವರು ಅದನ್ನು ಹಾಗೆಯೇ ಬಗ್ಗಿಸಿ ಹಿಡಿದಿದ್ದರು.

“ಇನ್ನೊಂದು ತುಂಬಿಕೊಂಡು ಬಾ” ಎಂದರು, ನನ್ನ ಕಡೆ ನೋಡದೆ.

ಗಾಡಿಗೆ ಇನ್ನೂ ಹೊತ್ತಿತ್ತು. ನಾನು ಬಾಟಲಿ ಇಸಿದುಕೊಂಡು, ಮಗಳನ್ನು ಸೊಂಟಕ್ಕೇರಿಸಿ, ಮೈದಾನದ ಆ ತುದಿಯ ನಳದ ಕಡೆಗೆ ನಡೆದೆ.